ಇಪ್ಪತ್ತೈದನೆಯ ಬಾಗಿಲು

ಅಧ್ಯಕ್ಷರಾದ ಸಿದ್ದಲಿಂಗಪ್ಪನವರೇ, ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕನ್ನು ದಾಟಿ ನಮ್ಮವರೆಗೆ ತಲುಪಿದ ಮುಖ್ಯ ಅತಿಥಿಗಳೇ, ಡೊಂಬಿವಲಿಯ ಈ ಕನ್ನಡ ಸಂಘವನ್ನು ನಡೆಸಿಕೊಂಡು ಬಂದಿರುವ ಪದಾಧಿಕಾರಿಗಳೇ, ಭಾನುವಾರ ರಿಪೇರಿಗೆಂದು ಗಾಡಿಗಳನ್ನು ನಿಲ್ಲಿಸುವ ಮೆಗಾಬ್ಲಾಕನ್ನೂ ಲೆಕ್ಕಿಸದೆ ಕಲ್ಯಾಣ, ದಿವಾ, ಬದಲಾಪುರ, ಐರೋಳಿಗಳಿಂದ ಬಂದು ಕುಳಿತಿರುವ ಸಭಿಕರೇ, ಕೊನೆಯದಾಗಿ, ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಇವಳು ಏನು ಹೇಳಿಬಿಡುತ್ತಾಳೋ ಎಂದು ನನ್ನನ್ನೇ ನೋಡುತ್ತಿರುವ ನಮ್ಮ ಮನೆಯವರೇ,

ಸನ್ಮಾನ ಅವರಿಗೆ, ಮಾತು ನನಗೆ. ಇದು ನ್ಯಾಯವೋ ಅಲ್ಲವೋ ನೀವೇ ಹೇಳಬೇಕು. ಮೊನ್ನೆ ಅಧ್ಯಕ್ಷರು ಮನೆಗೆ ಬಂದು, ಸನ್ಮಾನಕ್ಕೆ ಉತ್ತರವಾಗಿ ನಾಲ್ಕು ಮಾತು ಬೇಕು ಅಂದಾಗ ಇವರು ತಮ್ಮ ಸ್ಲೇಟನ್ನು ತೆಗೆದುಕೊಂಡು, "ಪ್ರಭಾ ಮಾತಾಡುತ್ತಾಳೆ" ಎಂದು ಬರೆದು ತೋರಿಸಿದರು. ನಾನು ಏನು ಮಾತಾಡಲಿ ಎಂದು ಕೇಳಿದೆ. ಅದನ್ನು ಒರೆಸಿ, "ನಿನಗೆ ತೋಚಿದ್ದು" ಎಂದು ಬರೆದರು. ಆದ್ದರಿಂದ ಇಂದು ನಾನೇನಾದರೂ ಹೆಚ್ಚುಕಮ್ಮಿ ಆಡಿದರೆ ಅದಕ್ಕೆ ಲಿಖಿತ ಅನುಮತಿ ಇದೆ ಎಂದು ದಯವಿಟ್ಟು ತಿಳಿಯಬೇಕು.

ರಘುಪತಿ ಎಂಬ ಈ ಮನುಷ್ಯರನ್ನು ನಿಮ್ಮಲ್ಲಿ ಕೆಲವರು ದನಿಯಾಗಿ ಬಲ್ಲಿರಿ, ಉಳಿದವರು ಅಕ್ಷರವಾಗಿ ಬಲ್ಲಿರಿ. ಅಕ್ಷರದವರಿಗಾಗಿ ದನಿಯ ಬಗ್ಗೆ ಹೇಳುತ್ತೇನೆ. ಸ್ಟೇಷನ್ನಿನ ಪೂರ್ವಕ್ಕೆ ನಮ್ಮ ಮಾವನವರು ಹಾಕಿದ ಹೋಟೆಲಿನ ಗಲ್ಲಾದಲ್ಲಿ ಇವರು ಕೂರುತ್ತಿದ್ದರು. ಗಲ್ಲಾದಿಂದ ಅಡುಗೆಮನೆಗೆ ಆರ್ಡರ್ ಕೂಗುವುದು ಎಲ್ಲ ಹೋಟೆಲಿನಲ್ಲೂ ಇದ್ದದ್ದೇ. ಇವರು ಕೂಗುತ್ತಿರಲಿಲ್ಲ, ಹಾಡುತ್ತಿದ್ದರು. "ಒಂದು ಸಾದಾ, ಎರಡು ಇಡ್ಲಿ ವಡಾ, ಸಾಂಬಾರ್ ಬೇರೆ" ಎನ್ನುವುದನ್ನು ಎಳೆದು, ಇಳಿಸಿ, ಕೊನೆಯ 'ಬೇರೆ'ಯನ್ನು ಹಬೆಯ ಮೇಲೆ ತೇಲಿಬಿಡುತ್ತಿದ್ದರು. ಉಡುಪಿಯ ಹತ್ತಿರದ ಊರಿಂದ ಮದುವೆಯಾಗಿ ಬಂದವಳು ನಾನು. ಹೋಟೆಲಿನ ಮೇಲಿನ ಎರಡು ಕೋಣೆಯಲ್ಲಿ ನಮ್ಮ ಸಂಸಾರ. ಭಾಷೆ ತಿಳಿಯದ ಊರು, ಕಿಟಕಿಯಾಚೆ ನಿಲ್ಲದ ಲೋಕಲ್ ರೈಲುಗಾಡಿಗಳು. ಮಧ್ಯಾಹ್ನ ಚಾಪೆಯ ಮೇಲೆ ಮಲಗಿದರೆ ನೆಲದ ಅಡಿಯಿಂದ ಆ ದನಿ ಮೇಲಕ್ಕೆ ಬರುತ್ತಿತ್ತು. ಯಾರೋ ನನ್ನ ಕೆಳಗೆ ನದಿಯೊಂದನ್ನು ಹರಿಯಬಿಟ್ಟ ಹಾಗೆ. ಅದರ ಮೇಲೆ ತೇಲಿಕೊಂಡೇ ನಾನು ಈ ಊರಿಗೆ ಒಗ್ಗಿದೆ. ಇದನ್ನು ಅವರಿಗೆ ಈವರೆಗೆ ಹೇಳಿಲ್ಲ. ಈಗ ಹೇಳಿದ ಹಾಗಾಯಿತು.

ಆಮೇಲೆ ಗಂಟಲಿನ ಕಾಯಿಲೆ ಬಂತು. ಪರೇಲಿನ ಆಸ್ಪತ್ರೆಯಲ್ಲಿ ಜೀವ ಉಳಿಸಿದರು, ದನಿಪೆಟ್ಟಿಗೆಯನ್ನು ಉಳಿಸಲಾಗಲಿಲ್ಲ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟರು. ಒಂದು ಸಲ ಅದರಿಂದ ನನ್ನ ಹೆಸರು ಹೇಳಿದರು. ನನ್ನ ಮುಖ ನೋಡಿದರು. ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟರು. ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು ನಾವು ಮಾನಪಾಡಾ ರಸ್ತೆಯ ಸೊಸೈಟಿಯೊಂದರ ಫ್ಲ್ಯಾಟಿಗೆ ಬಂದೆವು. ಹೊಸ ಮನೆ ಒಳ್ಳೆಯದೇ, ಬೆಳಕಿದೆ, ಬಾಲ್ಕನಿ ಇದೆ. ಆದರೆ ಅಲ್ಲಿ ನೆಲದ ಕೆಳಗಿನಿಂದ ಏನೂ ಬರುತ್ತಿರಲಿಲ್ಲ.

ಹೋಟೆಲಿನಿಂದ ಅವರು ತಂದದ್ದು ಒಂದೇ ವಸ್ತು, ಬಿಲ್ ಮಾಡುವ ಹಳೆಯ ಕಂಪ್ಯೂಟರ್. ಅದರ ಒಳಗೆಲ್ಲ ಎಣ್ಣೆಜಿಡ್ಡು. ಅದನ್ನು ಬಿಚ್ಚಿ, ಒರೆಸಿ, ಇಂಟರ್‌ನೆಟ್ಟಿನಲ್ಲಿ ಓದಿ ಓದಿ, ಹಲವು ತಿಂಗಳು ಗುದ್ದಾಡಿ ಅದನ್ನೊಂದು ಅಂಚೆಮನೆ ಮಾಡಿದರು. ಮೇಲ್ ಸರ್ವರ್ ಎನ್ನುತ್ತಾರಂತೆ. ನಾವೆಲ್ಲ ಇ-ಮೇಲ್ ಕಳಿಸುವುದು ಯಾವುದೋ ದೊಡ್ಡ ಕಂಪನಿಯ ಅಂಚೆಮನೆಯಿಂದ. ಇವರದ್ದು ನಮ್ಮ ನಡುಕೋಣೆಯ ಮೂಲೆಯಲ್ಲಿ, ದೇವರ ಮಂಟಪದ ಪಕ್ಕದಲ್ಲಿ. ಪುಕ್ಕಟೆ ಸಿಗುವುದನ್ನು ಬಿಟ್ಟು ಈ ಕಷ್ಟ ಯಾಕೆ ಎಂದು ಕೇಳಿದೆ. ಸ್ಲೇಟಿನಲ್ಲಿ ಬರೆದರು: "ಹೊರಗಿಂದ ತರಿಸಿ ಬಡಿಸಿದವನಲ್ಲ ನಾನು. ಒಲೆ ನಮ್ಮದೇ ಇರಬೇಕು."

ಹೋಟೆಲಿನ ಕೊನೆಯ ದಿನ ಗಿರಾಕಿಗಳು ಪ್ರೀತಿಯಿಂದ ತಮ್ಮ ಇ-ಮೇಲ್ ವಿಳಾಸ ಕೊಟ್ಟು ಹೋಗಿದ್ದರು. ಅವರಿಗೆ ಇವರು ದಿನಾ ಬೆಳಗ್ಗೆ ಒಂದು ಪತ್ರ ಬರೆಯತೊಡಗಿದರು. ಆಫೀಸಿಗೆ ಹೋಗುವವರು ಗಾಡಿಯಲ್ಲಿ ಓದಲಿ ಎಂದು ಕನ್ನಡದಲ್ಲಿ ಹತ್ತು ಹನ್ನೆರಡು ಸಾಲು. ಬರೆಯುತ್ತಿದ್ದದ್ದು ಏನು? ಐರೋಳಿಯ ಖಾಡಿಯ ಹಿನ್ನೀರಿಗೆ ರಾಜಹಂಸಗಳು ಬಂದಿವೆ, ಕೆಸರಿನಲ್ಲಿ ಗುಲಾಬಿ ಸೀರೆ ಒಣಹಾಕಿದ ಹಾಗಿದೆ. ಪ್ಲಾಟ್‌ಫಾರಮ್ಮಿನ ನಾಯಿ ನಿನ್ನೆ ಗಾಡಿ ಹತ್ತಿ ಹೋಗಿ ಇವತ್ತು ಇಳಿದು ಬಂತು, ಎಲ್ಲಿಗೆ ಹೋಗಿತ್ತು ಎಂದು ಹೇಳಲೊಲ್ಲದು. ಇಂಥವು. ಕೆಳಗೆ ಹೆಸರು, ಹೆಸರಿನ ಕೆಳಗೆ ಮನೆಯ ಪೂರ್ತಿ ವಿಳಾಸ, ಹಳೆಯ ಕಾಲದವರ ಹಾಗೆ. ಫೋನ್ ನಂಬರ್ ಮಾತ್ರ ಇಲ್ಲ. ಮಾತಾಡಲಾಗದವರು ಫೋನ್ ನಂಬರ್ ಯಾಕೆ ಕೊಡುತ್ತಾರೆ?

ಆ ಪತ್ರಗಳಿಗೆ ಉತ್ತರ ಬರುತ್ತಿದ್ದದ್ದು ತೀರ ಅಪರೂಪ. ಓದುವವರು ಇದ್ದಾರೆಯೇ ಎಂದು ನಾನು ಕೇಳಿದ್ದುಂಟು. ಇವರು ಭುಜ ಹಾರಿಸುತ್ತಿದ್ದರು. ಬೆಳಗಿನ ನಸುಕಿನಲ್ಲಿ ಆ ಮೂಲೆಯ ಪುಟ್ಟ ಹಸಿರು ದೀಪ ಮಿಣುಕತೊಡಗಿದರೆ ಪತ್ರಗಳು ಹೊರಟವು ಎಂದರ್ಥ. ನಾನು ಹಾಸಿಗೆಯಿಂದಲೇ ನೋಡುತ್ತಿದ್ದೆ. ನಮ್ಮ ಮನೆಯಿಂದ ಬೆಳಕಿನ ಹುಳುಗಳು ಒಂದೊಂದಾಗಿ ಎದ್ದು, ಕಿಟಕಿಯ ಸರಳು ದಾಟಿ, ಗಾಡಿಯ ತಂತಿಗಳ ಮೇಲೆ ಹಾರಿಹೋಗುತ್ತವೆ ಎಂದು ನನಗೆ ಅನ್ನಿಸುತ್ತಿತ್ತು. ಆ ಹೊತ್ತಿನಲ್ಲಿ ಇವರು ಬೆನ್ನು ತಿರುಗಿಸಿ ಕುಳಿತಿರುತ್ತಿದ್ದರು. ನಾನು ಕಾಫಿ ಮಾಡಿ ಪಕ್ಕದಲ್ಲಿ ಇಟ್ಟರೆ ಅದು ಆರಿ, ಕೆನೆಕಟ್ಟಿ, ಹಾಗೇ ಇರುತ್ತಿತ್ತು. ಇರಲಿ, ಅದು ದೊಡ್ಡ ವಿಷಯವಲ್ಲ.

ಈ ಮಳೆಗಾಲಕ್ಕೆ ಮೊದಲು ಒಂದು ದಿನ ಪತ್ರಗಳು ಹಿಂದಕ್ಕೆ ಬಂದವು. ಒಂದಲ್ಲ ಎರಡಲ್ಲ, ಎಲ್ಲವೂ. ಹಸಿರು ದೀಪ ಮಿಣುಕಿದ್ದು ನಿಜ, ಆದರೆ ಪತ್ರಗಳು ಮನೆಯ ಹೊಸ್ತಿಲಲ್ಲೇ ಕಾದು ಕಾದು, ಕೊನೆಗೆ 'ತಲುಪಿಸಲಾಗಲಿಲ್ಲ' ಎಂಬ ಷರಾ ಹೊತ್ತು ಬರೆದವರ ಕೈಗೇ ಮರಳಿದ್ದವು. ಇವರು ಯಂತ್ರವನ್ನು ಮತ್ತೆ ಬಿಚ್ಚಿದರು, ಜೋಡಿಸಿದರು. ಯಂತ್ರ ಸರಿಯಾಗಿಯೇ ಇತ್ತು. ಕೊನೆಗೆ ನಮ್ಮ ಬಿಲ್ಡಿಂಗಿಗೆ ಇಂಟರ್‌ನೆಟ್ ಕೊಡುವ ಯೋಗೀಶನನ್ನು ಕರೆಸಿದೆ. ಒಳ್ಳೆಯ ಹುಡುಗ, ಬಂದವನೇ ಯಂತ್ರವನ್ನೂ ಇವರನ್ನೂ ಒಮ್ಮೆ ನೋಡಿದ.

"ಕಾಕೂ, ಪೋರ್ಟ್ ಪಚ್ಚೀಸ್ ಬಂದ್ ಕಿಯಾ ಹೈ ಊಪರ್ ಸೆ" ಅಂದ.

ಹಾಗೆಂದರೇನಪ್ಪ ಎಂದು ಕೇಳಿದೆ. ಅವನು ನೆಲದ ಮೇಲೆ ಕುಳಿತು ಮಕ್ಕಳಿಗೆ ಹೇಳುವ ಹಾಗೆ ಹೇಳಿದ. ಇಂಟರ್‌ನೆಟ್ಟಿನ ತಂತಿಯಲ್ಲಿ ಸಾವಿರಾರು ಬಾಗಿಲುಗಳಿವೆ, ಒಂದೊಂದು ಕೆಲಸಕ್ಕೆ ಒಂದೊಂದು. ಅಂಚೆಮನೆ ಅಂಚೆಮನೆಗೆ ಪತ್ರ ದಾಟಿಸುವ ಬಾಗಿಲು ಇಪ್ಪತ್ತೈದನೆಯದು. ಯಾರ್ಯಾರದೋ ಮನೆಯ ಕಂಪ್ಯೂಟರಿಗೆ ಕಳ್ಳರು ನುಗ್ಗಿ, ಮನೆಯವರಿಗೂ ಗೊತ್ತಾಗದ ಹಾಗೆ ಲಕ್ಷಗಟ್ಟಲೆ ಕಸದ ಪತ್ರ ಕಳಿಸುತ್ತಾರೆ. ಅದಕ್ಕೆ ಕಂಪನಿಯವರು ಮನೆಮನೆಯ ಆ ಬಾಗಿಲನ್ನು ಒಳಗೂ ಹೊರಗೂ ಮುಚ್ಚಿಬಿಟ್ಟಿದ್ದಾರೆ.

"ಆದರೆ ಇವರು ಕಳ್ಳರಲ್ಲವಲ್ಲ ಮಾರಾಯ" ಅಂದೆ.

"ಮಾಹೀತ್ ಆಹೆ ಕಾಕೂ, ನನಗೆ ಗೊತ್ತು. ಮಶೀನಿಗೆ ಅದು ಗೊತ್ತಾಗೋದಿಲ್ಲ. ಮತ್ತೆ ಘರ್ ಕಾ ಕನೆಕ್ಷನ್ ಮೇ ಸರ್ವರ್ ಅಲೌಡ್ ಹೀ ನಹೀ. ಮನೆಯಲ್ಲಿ ಸರ್ವರ್ ಇಡಬಾರದು ಅಂತ ನಿಯಮದಲ್ಲೇ ಬರೆದಿದೆ."

ಇವರು ಸ್ಲೇಟು ತೆಗೆದುಕೊಂಡರು. ಬಳಪ ಎತ್ತಿ, ಮತ್ತೆ ಕೆಳಗಿಟ್ಟು, ಸ್ಲೇಟನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

ಸಭಿಕರೇ, ಒಬ್ಬ ಮನುಷ್ಯನ ಬಾಯಿಗೆ ಎಷ್ಟು ಸಲ ಬೀಗ ಬೀಳಬಹುದು? ಮೊದಲ ಸಲ ಡಾಕ್ಟರು ಹೇಳಿದಾಗ ಇವರು ಧೈರ್ಯವಾಗಿದ್ದರು. ಈ ಸಲ ಹಾಗಿರಲಿಲ್ಲ. ಪತ್ರವನ್ನು ಬೇರೆ ದಾರಿಯಿಂದ ಕಳಿಸಬಹುದಿತ್ತು, ಯೋಗೀಶ ಹೇಳಿಕೊಟ್ಟ. ದೊಡ್ಡ ಕಂಪನಿಯ ಅಂಚೆಮನೆಗೆ ಕೊಟ್ಟರೆ ಅವರು ದಾಟಿಸುತ್ತಾರೆ. ಇವರು ತಲೆ ಅಲ್ಲಾಡಿಸಿದರು. ಆಮೇಲೆ ನನಗೊಬ್ಬಳಿಗೇ ಬರೆದು ತೋರಿಸಿದರು: "ಹೇಗೂ ಯಾರೂ ಓದುತ್ತಿರಲಿಲ್ಲ." ಯಂತ್ರದ ಮೇಲೆ ಒಂದು ಟವಲು ಹೊದಿಸಿದರು.

ಇನ್ನು ಮುಂದಿನದನ್ನು ಹೇಳಬೇಕೋ ಬೇಡವೋ ಎಂದು ನಾನು ರಿಕ್ಷಾದಲ್ಲಿ ಬರುವಾಗಲೂ ಯೋಚಿಸುತ್ತಿದ್ದೆ. ತೋಚಿದ್ದು ಎಂದರೆ ತೋಚಿದ್ದು.

ಆ ದಿನಗಳಲ್ಲಿ ಇವರು ಬೆಳಗ್ಗೆ ಎದ್ದು ಬಾಲ್ಕನಿಗೆ ಬಂದು ನನ್ನ ಪಕ್ಕ ಕೂರತೊಡಗಿದರು. ಕಾಫಿಯನ್ನು ಬಿಸಿಯಿರುವಾಗಲೇ ಕುಡಿದರು. ನಾನು ಮಲ್ಲಿಗೆ ಕಟ್ಟುತ್ತಿದ್ದರೆ ನೂಲು ಹಿಡಿದುಕೊಂಡರು. ದೂರದಲ್ಲಿ ಗಾಡಿಗಳು ಹೋಗುತ್ತಿದ್ದವು, ನಸುಕಿನಲ್ಲಿ ಗಾಡಿ ಕಾಣುವುದಿಲ್ಲ, ಕಿಟಕಿಗಳ ಸಾಲೊಂದೇ ತೇಲಿಹೋಗುವುದು ಕಾಣುತ್ತದೆ. ಆ ಸಾಲು ಮುಗಿಯುವವರೆಗೆ ನಾವಿಬ್ಬರೂ ನೋಡುತ್ತಿದ್ದೆವು. ಒಂದು ದಿನ ನನ್ನ ಕೈಮೇಲೆ ಕೈ ಇಟ್ಟು ಹಾಗೇ ಬಿಟ್ಟರು. ಮೋಡ ಕವಿದು, ಬೆಳಗಾಗುವುದೋ ಬೇಡವೋ ಎಂದು ಆಕಾಶ ಅನುಮಾನಿಸುತ್ತಿತ್ತು. ಆಗದಿದ್ದರೂ ನಡೆಯುತ್ತದೆ ಎಂದುಕೊಂಡೆ. ಆ ಇಪ್ಪತ್ತೈದನೆಯ ಬಾಗಿಲು ಮುಚ್ಚಿಯೇ ಇರಲಿ ಎಂದೂ ಅಂದುಕೊಂಡೆ. ಅವರ ದುಃಖ ನನಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಆದರೂ ಅಂದುಕೊಂಡೆ.

ಹಾಗಿರುವಾಗ ಒಂದು ಸಂಜೆ ಬೆಲ್ ಆಯಿತು. ಬಾಗಿಲು ತೆಗೆದರೆ ಗುರುತಿಲ್ಲದ ಒಬ್ಬ ಹೆಂಗಸು. ಬೆವರಿ ಮುದ್ದೆಯಾಗಿದ್ದಾರೆ, ಕೈಯಲ್ಲಿ ಬಟ್ಟೆಯ ಗಂಟು.

"ರಘುಪತಿ ಅಣ್ಣಾವ್ರ ಮನಿ ಇದೇ ಏನ್ರಿ?" ಅಂದರು. ಹೌದು ಅಂದೆ. ಅವರು ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ನನ್ನ ಕೊರಳು ನೋಡಿದರು, ಹಣೆ ನೋಡಿದರು. ಕರಿಮಣಿ ಇದೆ, ಕುಂಕುಮ ಇದೆ. ಆಮೇಲೆ ಉಸಿರುಬಿಟ್ಟರು.

"ಅದಾರಲ್ರಿ ಯಕ್ಕಾ. ಪತ್ರ ಬರೂದು ನಿಂತ್ಹೋತು. ಹ್ಯಾಂಗ ಅದೀರಿ ಅಂತ ನಾನೂ ಬರದೆ, ಜವಾಬ ಇಲ್ಲ. ಎದಿ ಹೊಡಕೊಂಡು ಸತ್ತೀನಿ."

ಅವರೂ ಬರೆದಿದ್ದರು. ಎಷ್ಟೋ ಜನ ಬರೆದಿದ್ದರು. ಆ ಬಾಗಿಲು ಒಳಬರುವ ಪತ್ರಕ್ಕೂ ಮುಚ್ಚಿತ್ತಲ್ಲ, ಅವೆಲ್ಲ ಹೊರಗೇ ನಿಂತು ಹಿಂದಕ್ಕೆ ಹೋಗಿದ್ದವು. ಹೀಗೆ ಬಂದವರು ಮಹಾದೇವಕ್ಕ. ವಿಜಯಪುರದ ಕಡೆಯವರು, ದಿವಾದಲ್ಲಿ ಮನೆ, ಠಾಣೆಯ ಒಂದು ಶಾಲೆಯಲ್ಲಿ ಆಫೀಸು ಕೆಲಸ. ನಮ್ಮ ಹೋಟೆಲನ್ನು ಅವರು ನೋಡಿಯೇ ಇಲ್ಲ, ಯಾರಿಂದಲೋ ಕೇಳಿ ತಮ್ಮ ವಿಳಾಸವನ್ನೂ ಪತ್ರದ ಪಟ್ಟಿಗೆ ಹಾಕಿಸಿಕೊಂಡಿದ್ದರು. ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಸಾವಿನ ಮನೆಗೂ ಆಗುತ್ತದೆ, ಬದುಕಿನ ಮನೆಗೂ ಆಗುತ್ತದೆ ಎಂದು ತಂದದ್ದಂತೆ.

ಮರುದಿನ ಇನ್ನಿಬ್ಬರು ಬಂದರು. ಅದರ ಮರುದಿನ ನಮ್ಮ ಇಂದಿನ ಅಧ್ಯಕ್ಷರು, ಕಲ್ಯಾಣದ ಬಟ್ಟೆ ಅಂಗಡಿಯನ್ನು ಅರ್ಧಕ್ಕೆ ಮುಚ್ಚಿಕೊಂಡು ಬಂದರು. ಭಾನುವಾರವಂತೂ ಚಪ್ಪಲಿಗಳು ಲಿಫ್ಟಿನವರೆಗೆ. ಒಬ್ಬರಿಗೊಬ್ಬರು ಪರಿಚಯವಿಲ್ಲ. ಎಲ್ಲರೂ ಪತ್ರದ ಕೆಳಗಿನ ವಿಳಾಸವನ್ನು ಹಿಡಿದು ಬಂದವರು. ಐರೋಳಿಯಲ್ಲಿ ಕೆಲಸ ಮಾಡುವ ಸೋನಾಲಿ, ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಬಾಗಿಲಲ್ಲೇ, "ಆಂಟಿ, ಅಂಕಲ್ ಠೀಕ್ ಹೈ ನಾ?" ಎಂದು ಕೇಳಿದಳು. ಅವಳ ಅಜ್ಜಿ ತೀರಿದ ಮೇಲೆ ಮನೆಯಲ್ಲಿ ಕನ್ನಡ ಓದುವವರಿಲ್ಲ. ಇವರ ಪತ್ರ ಹಿಡಿದು, ಗಾಡಿಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಅವಳು ಓದಲು ಕಲಿತಳಂತೆ. ಇವರು ಗೋಡೆಗೆ ಒರಗಿ ಕೂತು ಒಬ್ಬೊಬ್ಬರನ್ನೇ ನೋಡುತ್ತಿದ್ದರು, ನಿದ್ದೆಯಲ್ಲಿ ನಡೆದು ಯಾವುದೋ ಊರಿಗೆ ಬಂದವರ ಹಾಗೆ. ಆಮೇಲೆ ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿದರು: "ಓದುತ್ತಿದ್ದಿರಾ?"

ಮಹಾದೇವಕ್ಕ ಹೇಳಿದರು: "ಓದೂದೇನ್ರಿ ಅಣ್ಣಾವ್ರ. ದಿವಾದಾಗ ಲೇಡೀಸ್ ಡಬ್ಬಿ ಹತ್ತಿದ್ರ ಕೈ ಎತ್ತಾಕೂ ಜಾಗ ಇರಂಗಿಲ್ಲ. ಫೋನ್ ಹಿಡಿಯಾಕ ಆಗೂದು ನನಗೊಬ್ಬಾಕಿಗೇ, ಮೂಲಿಯಾಗ ನಿಂದರತೀನಿ. ನಾ ಜೋರಾಗಿ ಓದತೀನಿ, ಎಲ್ಲಾರೂ ಕೇಳತಾರ. ಮರಾಠಿಯವ್ರೂ ಕೇಳತಾರ. ಅರ್ಥ ಠಾಣೆ ಬರೂದ್ರೊಳಗ ಹೇಳತೀನಿ."

ಹಾಗೆಂದು ಅವರು ಫೋನ್ ತೆಗೆದು, ಎದ್ದು ನಿಂತು, ಒಂದು ಕೈಯಿಂದ ಗಾಡಿಯ ಹಿಡಿಕೆ ಹಿಡಿದ ಹಾಗೆ ನಮ್ಮ ಬಾಗಿಲ ಚೌಕಟ್ಟು ಹಿಡಿದು ಓದಿದರು.

"ಇವತ್ತ ಮುಂಬ್ರಾದ ಗುಡ್ಡ ಎದ್ದಿಲ್ಲ. ಮಂಜಿನ ಹೊದಿಕಿ ತಲೀ ಮ್ಯಾಲೆ ಎಳಕೊಂಡೈತಿ. ಖಾಡಿಯ ನೀರ ಮಾತ್ರ ಎದ್ದು, ಯಾರಿಗೂ ಎಚ್ಚರ ಆಗದಂಗ ನಡದೈತಿ. ಡಬ್ಬಿಯಾಗ ನಿಂತಾವ್ರು ಒಮ್ಮಿ ಆ ಕಡಿ ನೋಡ್ರಿ. ನಿಮಗೂ ಇನ್ನೊಂದೀಟು ನಿದ್ದಿ ಬೇಕಾಗಿತ್ತು ಅಂತ ನನಗ ಗೊತ್ತೈತಿ."

ನಮ್ಮವರು ಬರೆದದ್ದು ಉಡುಪಿಯ ಪುಸ್ತಕದ ಕನ್ನಡದಲ್ಲಿ. ಓದಿದ್ದು ವಿಜಯಪುರದ ಬಾಯಲ್ಲಿ. ಆದರೆ 'ಗೊತ್ತೈತಿ' ಎನ್ನುವಾಗ ಮಹಾದೇವಕ್ಕ ಅದನ್ನು ಎಳೆದು, ಇಳಿಸಿ, ತೇಲಿಬಿಟ್ಟರು. ಬರೆದ ವಾಕ್ಯವೇ ಹಾಗೆ ಎಳೆಸಿಕೊಳ್ಳುತ್ತಿತ್ತು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಸೋಸುವುದನ್ನು ನಿಲ್ಲಿಸಿದೆ. ನನ್ನ ಗಂಡನ ಮಾತು ನನ್ನ ಮನೆಯಲ್ಲಿ ಕೇಳಿಸುತ್ತಿತ್ತು. ಇಷ್ಟು ಕಾಲ ಅದು ದಿನಾ ದಿವಾದಿಂದ ಠಾಣೆಯವರೆಗೆ ಕೇಳಿಸುತ್ತಲೇ ಇತ್ತು, ನಮಗಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಹೊರಗೆ ಬಂದು ನೋಡಿದರೆ ಇವರು ನಗುತ್ತಿದ್ದರು. ಸದ್ದಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ಕಣ್ಣು ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಯಂತ್ರಕ್ಕೆ ಹೊದಿಸಿದ್ದ ಟವಲು.

ಆಮೇಲಿನದು ನಿಮಗೆಲ್ಲ ಗೊತ್ತು, ಬೇಗ ಮುಗಿಸುತ್ತೇನೆ. ವಾಟ್ಸಾಪ್ ಗ್ರೂಪ್ ಮಾಡೋಣ ಎಂದರು ಕೆಲವರು. "ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ನಡುವೆ ನನ್ನನ್ನು ಹುಡುಕಬೇಕಾಗುತ್ತದೆ" ಎಂದು ಇವರು ಬರೆದರು. ಹಾಗಾಗಿ ಅಧ್ಯಕ್ಷರು, ಸೋನಾಲಿ, ನಾನು ಮೂವರೂ ಇಂಟರ್‌ನೆಟ್ ಕಂಪನಿಯ ಠಾಣೆ ಆಫೀಸಿಗೆ ಹೋದೆವು. ಅಲ್ಲಿನ ಅಧಿಕಾರಿ ಅಮಿತಾ ಎನ್ನುವವರು ನಮ್ಮನ್ನು ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿದರು. ಮನೆಯ ಕನೆಕ್ಷನ್ನಿಗೆ ಆ ಬಾಗಿಲು ತೆರೆಯಲಾಗುವುದಿಲ್ಲ, ಒಬ್ಬರಿಗೆ ತೆರೆದರೆ ಎಲ್ಲರಿಗೂ ತೆರೆಯಬೇಕು ಎಂದರು. "ಆದರೆ ಯಾವುದಾದರೂ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯದೇ ಜಾಗಕ್ಕೆ ಆಫೀಸ್ ಕನೆಕ್ಷನ್ ತೆಗೆದುಕೊಂಡರೆ ತೆರೆದುಕೊಡಬಹುದು" ಎಂದರು. ಅಧ್ಯಕ್ಷರು ಎದೆಯುಬ್ಬಿಸಿ, "ನಮ್ಮ ಸಂಘ ರಿಜಿಸ್ಟರ್ ಆಗೈತ್ರಿ ಮೇಡಂ" ಅಂದರು. ಅವರ ಆ ದನಿ ಸಂಘದ ಚುನಾವಣೆಯಲ್ಲಿ ಗೆದ್ದಾಗಲೂ ಅಷ್ಟು ಜೋರಾಗಿರಲಿಲ್ಲ.

ಸಂಘದ ವಾಚನಾಲಯಕ್ಕೆ ತಂತಿ ಬಂತು. ಯಂತ್ರವನ್ನು ಒಯ್ಯಲು ಜನ ಮನೆಗೆ ಬಂದ ದಿನ ಅಧ್ಯಕ್ಷರು ನನ್ನನ್ನು ಕೇಳಿದರು: "ಅಕ್ಕಾರ, ಒಯ್ಯೂದೇನ್ರಿ?" ಇವರೂ ನನ್ನನ್ನೇ ನೋಡಿದರು. ನನ್ನ ಮನಸ್ಸಿನಲ್ಲಿ ಇದ್ದದ್ದು ಇವರಿಗೆ ಗೊತ್ತಿತ್ತು. ಇಷ್ಟು ವರ್ಷ ಜೊತೆಗಿದ್ದವರಿಗೆ ಗೊತ್ತಾಗದೇ ಇರುತ್ತದೆಯೇ? ನಾನು ಬಗ್ಗಿ ಪ್ಲಗ್ಗು ಕಿತ್ತು, ವಯರು ಸುತ್ತಿ ಅಧ್ಯಕ್ಷರ ಕೈಯಲ್ಲಿಟ್ಟೆ. ದಿವಾದ ಗಾಡಿಯಲ್ಲಿ ನಿಂತುಕೊಂಡು ಕಾಯುವವರಿಂದ ಆ ಮಾತನ್ನು ಕಿತ್ತುಕೊಂಡು ಬಾಲ್ಕನಿಯಲ್ಲಿ ನಾನೊಬ್ಬಳೇ ಇಟ್ಟುಕೊಂಡು ಏನು ಮಾಡಲಿ?

ಮನೆಯಿಂದಲೇ ಬರೆದು ಸಂಘದ ಯಂತ್ರಕ್ಕೆ ಕಳಿಸಬಹುದು ಎಂದು ಸೋನಾಲಿ ಹೇಳಿಕೊಟ್ಟಳು. "ಒಲೆ ಅಲ್ಲಿ, ಭಟ್ಟ ಇಲ್ಲಿ, ಅದು ಆಗುವುದಿಲ್ಲ" ಎಂದು ಬರೆದರು. ಹಾಗಾಗಿ ಈಗ ದಿನಾ ನಸುಕಿಗೇ ಎದ್ದು, ಕುತ್ತಿಗೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡು ಇಲ್ಲಿಗೆ ನಡೆದು ಬರುತ್ತಾರೆ. ಹೊಸ ಜಾಗದಿಂದ ಹೊರಟ ಪತ್ರಗಳು ಮೊದಮೊದಲು ಕೆಲವರ ಸ್ಪ್ಯಾಮ್ ಡಬ್ಬಿಗೆ ಬಿದ್ದವು, ಈಗ ಸರಿಯಾಗಿ ತಲುಪುತ್ತಿವೆ. ಗಾಡಿ ಹಿಡಿಯುವ ಮೊದಲು ನಿಮ್ಮಲ್ಲಿ ಕೆಲವರು ವಾಚನಾಲಯಕ್ಕೆ ಇಣುಕಿ ಹೋಗುತ್ತೀರಂತೆ. ಇವರು ಮನೆಗೆ ಬಂದು ಯಾರು ಬಂದಿದ್ದರು, ಏನು ಹೇಳಿದರು ಎಂದು ಸ್ಲೇಟು ತುಂಬ ಬರೆಯುತ್ತಾರೆ. ಒರೆಸಿ ಮತ್ತೆ ಬರೆಯುತ್ತಾರೆ. ನಾನು ಸಂತೋಷದಿಂದ ಓದುತ್ತೇನೆ. ಇದು ಸುಳ್ಳಲ್ಲ.

ನೀವು ಇವರಿಗೆ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಹಣ್ಣು ಕೊಟ್ಟಿರಿ. ಇವರ ಪರವಾಗಿ ಎಲ್ಲವನ್ನೂ ತುಂಬು ಮನಸ್ಸಿನಿಂದ ಒಪ್ಪಿಕೊಂಡಿದ್ದೇನೆ. ಆದರೆ ಮಾತು ನನಗೆ ಕೊಟ್ಟಿದ್ದೀರಿ, ಮೈಕು ಇನ್ನೂ ನನ್ನ ಕೈಯಲ್ಲೇ ಇದೆ. ಆದ್ದರಿಂದ ನನ್ನ ಪರವಾಗಿಯೂ ಒಂದು ಕೇಳಿಕೊಳ್ಳುತ್ತೇನೆ. ಭಾನುವಾರ ಆಫೀಸುಗಳಿಲ್ಲ, ದಿವಾದ ಡಬ್ಬಿಯಲ್ಲೂ ಅಷ್ಟು ಜನ ಇರುವುದಿಲ್ಲ. ವಾರದಲ್ಲಿ ಅದೊಂದು ಬೆಳಗ್ಗೆ ವಾಚನಾಲಯದ ಬಾಗಿಲು ತೆರೆಯದಿರಲಿ. ಶನಿವಾರ ಸಂಜೆ ಅದರ ಬೀಗದಕೈಯನ್ನು ಅಧ್ಯಕ್ಷರು ನನ್ನ ಕೈಗೆ ಕೊಡಲಿ. ಸೋಮವಾರ ನಸುಕಿಗೆ ನಾನೇ ಇವರ ಜೇಬಿಗೆ ಹಾಕಿ ಕಳಿಸುತ್ತೇನೆ.

ಅವರ ಕಡೆ ನೋಡಬೇಡಿ. ಅವರು ಒಪ್ಪಿದ್ದಾರೆ. ಭುಜ ಕುಲುಕುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ.

ಇಷ್ಟು ಹೊತ್ತು ನನ್ನ ಮಾತನ್ನು ಕೇಳಿದ ನಿಮಗೂ, ಇಷ್ಟು ಕಾಲ ಇವರ ಮಾತನ್ನು ಓದಿದ ನಿಮಗೂ ನಾವಿಬ್ಬರೂ ಋಣಿಗಳು. ನಮಸ್ಕಾರ.